ಮಾತ್ರೆ ಬ್ಯಾಚು

ಪ್ರೀತಿಯ ಅತ್ತಿಗೆ,

ಒಂದು ವಿಷಯವನ್ನು ನಿಮಗೆ ಹೇಳದೇ ಇದ್ದುಬಿಡೋಣ ಎಂದುಕೊಂಡಿದ್ದೆ. ಸೋಮವಾರದಿಂದ ನಾನು ಮತ್ತೆ ಆ್ಯಂಟಿಬಯೋಟಿಕ್ ಮಾತ್ರೆ ಶುರುಮಾಡಬೇಕು. ಹೊಟ್ಟೆಯ ಹುಣ್ಣು ಮಾಯ್ದಿಲ್ಲ. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಮೊದಲ ಸುತ್ತಿನ ಮಾತ್ರೆಗೆ ಜಗ್ಗಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡಬೇಕು ಅನ್ನಿಸಿದ್ದು ನೀವು ಗಾಬರಿಪಡುತ್ತೀರಿ ಎಂದಲ್ಲ. ಕೇಳಿದ ಕೂಡಲೇ ನಿಮಗೆ ಖುಷಿಯಾಗುತ್ತದೆ ಎಂದು.

ಈ ಸಾಲು ಬರೆದು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಹೊಡೆದುಹಾಕಲೇ ಎಂದು ಮತ್ತೆ ಓದಿದೆ. ಕಠೋರವಾಗಿದೆ, ನಿಜ. ಆದರೆ ಸುಳ್ಳು ಎನ್ನಲು ನನ್ನಿಂದ ಆಗಲಿಲ್ಲ. ನೀವು ಖುಷಿಪಡುವುದು ನನ್ನ ಕಾಯಿಲೆಗಲ್ಲ, ಅಷ್ಟು ನನಗೆ ಗೊತ್ತು. ಮಾತ್ರೆ ನುಂಗಿದರೆ ನನ್ನ ನಾಲಿಗೆ ಮತ್ತೆ ಹಾಗೇ ಕೆಡುತ್ತದೆ, ಕೆಟ್ಟ ನಾಲಿಗೆಯಿಂದ ಆ ಸಾಸಿನ ಬ್ಯಾಚನ್ನು ಇನ್ನೊಮ್ಮೆ ಮಾಡಬಹುದು ಎಂಬ ಯೋಚನೆ ನಿಮ್ಮ ತಲೆಯಲ್ಲಿ ನಿಮಗೇ ತಿಳಿಯದಂತೆ ಓಡುತ್ತದೆ. ಒಂದು ಕ್ಷಣ ನಿಮ್ಮ ಮುಖ ಅರಳುತ್ತದೆ. ಆಮೇಲೆ ನೀವೇ ಅದನ್ನು ಗದರಿಸಿಕೊಂಡು, "ಅಯ್ಯೋ ಮಹರಾಯ್ತಿ, ಮತ್ತೆ ಏನಾಯ್ತೇ?" ಅನ್ನುತ್ತೀರಿ. ಆ ಒಂದು ಕ್ಷಣವನ್ನು ನೋಡುವ ತ್ರಾಣ ಸದ್ಯ ನನ್ನಲ್ಲಿಲ್ಲ.

ದಿನಾ ಬೆಳಗ್ಗೆ ಒಂದೇ ಶಟರನ್ನು ಎರಡು ಕಡೆಯಿಂದ ಹಿಡಿದು ಎತ್ತುವವರ ನಡುವೆ ಪತ್ರವೇಕೆ ಎಂದು ನಿಮಗೆ ಅನ್ನಿಸಬಹುದು. ಫೋನ್ ಮಾಡಿದರೆ ನೀವು ಸ್ಪೀಕರಿಗೆ ಹಾಕುತ್ತೀರಿ, ಕೈಯೆಲ್ಲ ಮೆಣಸಿನಕಾಯಿಯಾಗಿರುತ್ತದೆ. ನನ್ನ ಹೊಟ್ಟೆಯ ಸಮಾಚಾರ ಬಾಟಲಿ ತೊಳೆಯುವವರಿಂದ ಹಿಡಿದು ಮುಂದಿನ ಟಯರ್ ಅಂಗಡಿಯವರವರೆಗೆ ತಲುಪುತ್ತದೆ. ಎದುರಿಗೆ ಕೂತು ಹೇಳೋಣವೆಂದರೆ ನೀವೊಂದು ತಮಾಷೆ ಮಾಡುತ್ತೀರಿ, ನಾನು ನಗುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ನಮ್ಮಿಬ್ಬರ ಎಷ್ಟೋ ಮಾತುಗಳು ಹೀಗೆ ನಗುವಿನಲ್ಲೇ ಮುಗಿದುಹೋಗಿವೆ. ಈ ಒಂದು ಮಾತು ಹಾಗಾಗಬಾರದು.

ಅಣ್ಣ ತೀರಿಕೊಂಡ ವರ್ಷ ನಾನು ನಿಮ್ಮ ಬಳಿ ಬಂದದ್ದು ಒಂದೆರಡು ತಿಂಗಳು ಕೈಜೋಡಿಸಲೆಂದು. ಅವನು ಕಟ್ಟಿದ್ದ ಖಾರದ ಸಾಸಿನ ಕಾರ್ಖಾನೆಯಲ್ಲಿ ನೀವು ಒಬ್ಬರೇ ಆಗಿದ್ದಿರಿ. ಕಾರ್ಖಾನೆ ಎನ್ನುವುದು ಅವನ ಮಾತು. ಟಯರ್ ಅಂಗಡಿಯ ಹಿಂದೆ ಎರಡು ಕೋಣೆ, ಒಂದು ದೊಡ್ಡ ಹಂಡೆ, ರುಬ್ಬುವ ಯಂತ್ರ, ವಿನೆಗರ್ ಡ್ರಮ್ಮುಗಳು, ಗೋಡೆಯಲ್ಲಿ ಕೆಮ್ಮುತ್ತ ತಿರುಗುವ ಫ್ಯಾನು. ನಾನಾಗ ವಿಮೆ ಕಚೇರಿಯಲ್ಲಿ ಕೂತು ಕಂಡವರ ಅಪಘಾತಗಳ ವಿವರ ಓದುತ್ತಿದ್ದೆ. ರಜೆ ಹಾಕಿ ಬಂದವಳು ಹಿಂದಕ್ಕೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಣ್ಣನ ಮೇಲಿನ ಪ್ರೀತಿಯಿಂದ ಎಂದು ನೀವು ತಿಳಿದಿರಬಹುದು. ಅದೂ ಸ್ವಲ್ಪ ಇತ್ತು. ಹೆಚ್ಚಿನದು ನೀವು ನನ್ನ ಕೈಗೆ ಕೊಟ್ಟ ಚಮಚ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ರುಚಿ ನೋಡುವುದು ಅಣ್ಣನ ಕೆಲಸವಾಗಿತ್ತು. ವರ್ಷಗಟ್ಟಲೆ ಹಂಡೆಯ ಘಾಟು ಕುಡಿದ ನಿಮ್ಮ ಮೂಗು ಸತ್ತೇಹೋಗಿದೆ, ಸೋಪಿಗೂ ಬೆಳ್ಳುಳ್ಳಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂದಿರಿ. ಹಂಡೆ ತಿರುಗಿಸುವ ಹಂಡೆಯಣ್ಣನನ್ನು ಕೇಳಿದರೆ ಅವರು ಎಲ್ಲಕ್ಕೂ "ಪರವಾಗಿಲ್ಲ ಬಿಡಿ" ಅನ್ನುತ್ತಿದ್ದರು. ಅಣ್ಣನ ಚಮಚವನ್ನು ನನ್ನ ಕೈಗೆ ಕೊಟ್ಟು, ಬೇಯಿಸಿದ ಆಲೂಗಡ್ಡೆಯ ತೆಳು ಹೋಳಿನ ಮೇಲೆ ಒಂದು ಬೊಟ್ಟು ಸಾಸ್ ಇಟ್ಟು ನನ್ನ ಬಾಯಿಗೆ ಹಿಡಿದಿರಿ. ಹೇಗಿದೆ ಎಂದು ಕೇಳಿದಿರಿ. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಪದಗಳನ್ನೆಲ್ಲ ನಾನು ಸಾಲಾಗಿ ಜೋಡಿಸಿ ಹೇಳಿದೆ. ನೀವು ಗಂಭೀರವಾಗಿ ಕೇಳಿಸಿಕೊಂಡು ಹಿಂದಕ್ಕೆ ತಿರುಗಿ, "ಹಂಡೆಯಣ್ಣ, ಹಂಡೆಗೆ ಇಂಗ್ಲಿಷ್ ಬರುತ್ತಾ ಕೇಳಿ ಸ್ವಲ್ಪ" ಎಂದಿರಿ. ಅವರು ಸೌಟು ಆಡಿಸುತ್ತಲೇ "ಪರವಾಗಿಲ್ಲ ಬಿಡಿ" ಎಂದರು. ಅಣ್ಣ ಹೋದ ಮೇಲೆ ನೀವು ಬಾಯಿಬಿಟ್ಟು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ನನಗೆ ಇಂಗ್ಲಿಷಮ್ಮ ಎಂಬ ಹೆಸರು ಅಂಟಿಕೊಂಡದ್ದೂ ಅವತ್ತೇ.

ಆಮೇಲೆ ನೀವು ನನಗೆ ಒಂದೊಂದೇ ಪದ ಕೊಟ್ಟಿರಿ. ಒಗರು ಎಂದರೆ ನಾಲಿಗೆಯ ಪಕ್ಕಗಳು ಒಳಕ್ಕೆ ಎಳೆದುಕೊಳ್ಳುವುದು. ಕಮಟು ಎಂದರೆ ಎಣ್ಣೆ ಹಳತಾಯಿತೆಂದು ಮೂಗಿನ ಹಿಂಭಾಗಕ್ಕೆ ತಿಳಿಯುವುದು. ತುದಿಗೆ ಚುರ್ ಎಂದು ಮುಗಿಯುವ ಖಾರ ಬೇರೆ, ಸುಮ್ಮನೆ ಗಂಟಲಿಗಿಳಿದು ಅಲ್ಲಿ ಕೂತು ನಿಧಾನಕ್ಕೆ ಏಳುವ ಖಾರ ಬೇರೆ. ಈ ಮಾತುಗಳನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲವೇ, ಆಡುತ್ತಿದ್ದಾಗ ನನ್ನ ಕಿವಿ ಬೇರೆಲ್ಲೋ ಇತ್ತೇ, ಗೊತ್ತಿಲ್ಲ. ಮೂವತ್ತು ದಾಟಿದ ಮೇಲೆ ನನ್ನದೇ ಬಾಯಿಯ ಒಳಗೆ ಏನೇನು ನಡೆಯುತ್ತದೆ ಎಂದು ನೀವು ನನಗೆ ಹೇಳಿಕೊಟ್ಟಿರಿ. ಇಂಥ ಕೊಡುಗೆಯನ್ನು ತಿರುಗಿ ಕೊಡುವುದು ಹೇಗೆ ಎಂದು ತಿಳಿಯದೆ ನಾನು ದಿನಾ ಬಾಯಿ ತೆರೆದೆ.

ಹುಣ್ಣು ಆಗಿದ್ದು ಖಾರದಿಂದಲ್ಲ. ಡಾಕ್ಟರು ಅದನ್ನು ಮೊದಲೇ ಬಿಡಿಸಿ ಹೇಳಿದ್ದರು, ನಾನು ನಿಮಗೂ ಹೇಳಿದ್ದೆ. ಬ್ಯಾಕ್ಟೀರಿಯಾ ಹೊಟ್ಟೆಯ ಗೋಡೆಯನ್ನು ಕೊರೆದಿತ್ತು, ಎರಡು ಬಗೆಯ ಆ್ಯಂಟಿಬಯೋಟಿಕ್, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ, ಎರಡು ವಾರ. ನಾನು ಮಾಡುವ ಕೆಲಸ ಏನೆಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ನೋಡಿ, ಖಾರ ತಿಂದ್ರೆ ಮಾತ್ರೆ ಕೆಲಸ ಮಾಡಲ್ಲ ಅಂತೇನಿಲ್ಲ. ಆದ್ರೆ ಈ ಮಾತ್ರೆಗೇ ಹೊಟ್ಟೆ ತೊಳಸುತ್ತೆ, ಅದರ ಮೇಲೆ ಖಾರ ಬಿದ್ರೆ ಉರಿ ತಡಿಯಕ್ಕಾಗಲ್ಲ. ಆಮೇಲೆ ನೀವೇ ಮಾತ್ರೆ ಬಿಟ್ಟುಬಿಡ್ತೀರ. ಎರಡೂ ಒಟ್ಟಿಗೆ ಬೇಡ" ಎಂದರು. ಅವರು ಹೇಳಿದ್ದರಲ್ಲಿ ನನ್ನ ಕಿವಿ ಹಿಡಿದುಕೊಂಡದ್ದು ಕೊನೆಯ ತುಣುಕನ್ನು ಮಾತ್ರ. ಎರಡೂ ಒಟ್ಟಿಗೆ ಬೇಡ.

ನಾನು ಅದನ್ನು ಹೇಳಿದಾಗ ನೀವು ಕೈಗವಸು ಕಳಚುತ್ತ, "ಮಾತ್ರೆಯೂ ಉಷ್ಣ, ಮೆಣಸಿನಕಾಯೂ ಉಷ್ಣ. ಒಳಗೆ ಎರಡೂ ಜಗಳಾಡಿ ಸುಸ್ತಾಗಿ ತಣ್ಣಗಾಗ್ತವೆ ಬಿಡೆ" ಎಂದಿರಿ. ನಾನೂ ನಕ್ಕೆ. ಅವತ್ತು ಸಂಜೆ ನೀವು ಗಂಜಿ ಮಾಡಿ ಡಬ್ಬಿಗೆ ಹಾಕಿ ನನ್ನ ರೂಮಿನವರೆಗೂ ತಂದಿರಿ, ಎರಡು ಮಹಡಿ ಹತ್ತಿ, ನಿಮ್ಮ ಆ ನೋಯುವ ಮಂಡಿ ಇಟ್ಟುಕೊಂಡು. ನೀವು ಹೋದ ಮೇಲೆ ಚೀಲ ಬಿಚ್ಚಿದರೆ ಡಬ್ಬಿಯ ಪಕ್ಕದಲ್ಲಿ ನಮ್ಮದೇ ಸ್ಯಾಂಪಲ್ ಬಾಟಲಿ, ಬೆರಳುದ್ದದ್ದು. ಮರುದಿನ ಕೇಳಿದೆ. "ಬಾಯಿ ಸಪ್ಪೆ ಅನ್ನಿಸಿದ್ರೆ ಪಕ್ಕದಲ್ಲಿರಲಿ ಅಂತ ಇಟ್ಟೆ ಕಣೇ, ತಿನ್ನು ಅಂತಲ್ಲ" ಎಂದಿರಿ. ನಾನು ತಿಂದಾಗಿತ್ತು, ಅತ್ತಿಗೆ. ಎರಡು ತೊಟ್ಟು. ಹೊಟ್ಟೆ ಬೆಳಗಿನವರೆಗೆ ಉರಿಯಿತು. ಆದರೆ ಆ ಬಿಳಿ ಗಂಜಿಯ ಮೇಲೆ ಕೆಂಪು ಹರಡಿಕೊಂಡದ್ದನ್ನು ನೋಡಿದಾಗ ನನ್ನನ್ನು ಯಾರೋ ಮನೆಯವಳೆಂದು ಕರೆದ ಹಾಗಾಗಿತ್ತು.

ಮೊದಲ ವಾರದಲ್ಲೇ ಆ ಬ್ಯಾಚು ಆದದ್ದು. ಆ್ಯಂಟಿಬಯೋಟಿಕ್ ಏನು ಮಾಡುತ್ತದೆಂದು ನನಗಿನ್ನೂ ಗೊತ್ತಿರಲಿಲ್ಲ. ಬೆಳಗ್ಗೆ ಎದ್ದರೆ ಬಾಯಿಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡ ಹಾಗೆ. ನೀರು ಕಹಿ, ಹಾಲು ಕಹಿ, ಎಂಜಲೂ ಕಹಿ. ನೀವು ಆಲೂಗಡ್ಡೆಯ ಮೇಲೆ ಬೊಟ್ಟಿಟ್ಟು ಕೊಟ್ಟಾಗ ನನಗೆ ಖಾರ ಸಿಗಲೇ ಇಲ್ಲ. ಮೊಳೆಯ ಹಿಂದೆಲ್ಲೋ ದೂರದಲ್ಲಿ ಏನೋ ಮಿಣಮಿಣ ಎನ್ನುತ್ತಿತ್ತು, ಅಷ್ಟೇ. ಇನ್ನಷ್ಟು ಮೆಣಸಿನಕಾಯಿ ಎಂದೆ. ಹಂಡೆಯಣ್ಣ ಹಾಕಿದರು. ಇನ್ನಷ್ಟು ಹುಳಿ, ಇನ್ನೊಂದು ಹಿಡಿ ಬೆಳ್ಳುಳ್ಳಿ, ಸಕ್ಕರೆ, ಮತ್ತೆ ಮೆಣಸಿನಕಾಯಿ. ಎಷ್ಟು ಹಾಕಿದರೆಂದು ಯಾರೂ ಬರೆದಿಡಲಿಲ್ಲ. ನಾವು ಯಾವತ್ತೂ ಬರೆದಿಟ್ಟವರಲ್ಲ, ಮೂಟೆಯಿಂದ ಮೂಟೆಗೆ ಮೆಣಸಿನಕಾಯಿ ಬೇರೆಯಾಗುತ್ತದೆ, ನಾಲಿಗೆ ನಿಲ್ಲಿಸು ಅನ್ನುವವರೆಗೆ ಹಾಕುವುದು ನಮ್ಮ ಪದ್ಧತಿ. ನನ್ನ ನಾಲಿಗೆ ನಿಲ್ಲಿಸು ಎನ್ನುವ ಹೊತ್ತಿಗೆ ಹಂಡೆಯಣ್ಣನ ಕಣ್ಣಲ್ಲಿ ಧಾರಾಕಾರ ನೀರು. ನೀವು ಅವರಿಗೂ ಒಂದು ಹೋಳು ಕೊಟ್ಟಿರಿ. ಅವರು ಸೌಟು ಬಿಟ್ಟು ಡ್ರಮ್ಮಿನ ಮೇಲೆ ಕೂತರು, ನೀರು ಕುಡಿದರು, ಕಣ್ಣೊರೆಸಿಕೊಂಡರು, ಬಹಳ ಹೊತ್ತಿನ ಮೇಲೆ "ಪರವಾಗಿಲ್ಲ ಬಿಡಿ" ಎಂದರು.

ಅದನ್ನು ಚೆಲ್ಲಬೇಕಿತ್ತು. ಆದರೆ ನನ್ನ ಮೇಲೆ ನಿಮಗೆ ನಂಬಿಕೆ. ಬಾಟಲಿಗೆ ಹೋಯಿತು.

ನಾನು ಎಚ್ಚೆತ್ತದ್ದು ಆಮೇಲೆ. ಮಾತ್ರೆಯಿಂದ ನಾಲಿಗೆ ಕೆಟ್ಟಿದೆ ಎಂದು ತಿಳಿದ ಕೂಡಲೇ ನಾನೊಂದು ಉಪಾಯ ಮಾಡಿದೆ. ಡಾಕ್ಟರು ಎರಡೂ ಒಟ್ಟಿಗೆ ಬೇಡ ಎಂದಿದ್ದಾರೆ. ಮಂಗಳವಾರ ಮತ್ತು ಶುಕ್ರವಾರ ಹಂಡೆ ಏರುವ ದಿನ, ಖಾರದ ದಿನ. ಹಾಗಾದರೆ ಅವತ್ತು ಮಾತ್ರೆ ಬೇಡ. ಹಿಂದಿನ ಸಂಜೆಯದನ್ನು ತಿಂದರೆ ಬೆಳಗ್ಗೆಯವರೆಗೆ ಕಹಿ ಉಳಿಯುತ್ತದೆ, ಹಾಗಾಗಿ ಅದೂ ಬೇಡ. ಉಳಿದ ದಿನಗಳಲ್ಲಿ ಗಂಜಿ ಕುಡಿದು, ಮೊಸರನ್ನ ತಿಂದು, ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೆ. ಎಷ್ಟು ಶಿಸ್ತು ನನ್ನದು ಎಂದು ನನಗೇ ಮೆಚ್ಚುಗೆ. ಖಾರದ ದಿನ ಖಾರ, ಮಾತ್ರೆಯ ದಿನ ಮಾತ್ರೆ. ಡಾಕ್ಟರ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದೇನೆ ಎಂದು ನಾನು ನಿಜವಾಗಿ ನಂಬಿದ್ದೆ. ಓದು ಬರಹ ಬಲ್ಲವಳು ಇಷ್ಟು ದಡ್ಡಿಯಾಗುವುದು ಹೇಗೆ ಎಂದು ಈಗ ಕೇಳಿಕೊಳ್ಳುತ್ತೇನೆ. ದಡ್ಡತನ ಅಲ್ಲ ಎಂಬ ಅನುಮಾನವೂ ಇದೆ. ನಿಮಗೆ ಬೇಕಾದ ದಿನಗಳಲ್ಲಿ ನಾನು ಬೇಕಾದವಳಾಗಿರಲು ಒಂದು ನೆಪ ಬೇಕಿತ್ತು, ಡಾಕ್ಟರ ಬಾಯಿಂದಲೇ ಅದು ಸಿಕ್ಕಿತು.

ನೀವು ಮಾತ್ರೆ ಬಿಡು ಎಂದು ಒಮ್ಮೆಯೂ ಹೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ನಾನು ಬಿಡುತ್ತಿದ್ದೇನೆಂದು ನಿಮಗೆ ಗೊತ್ತೂ ಇರಲಿಲ್ಲ. ನೀವು ಬೆಳಗ್ಗೆ ಶಟರಿನ ಆ ತುದಿ ಹಿಡಿದು ಕೇಳುತ್ತಿದ್ದದ್ದು ಒಂದೇ ಮಾತು, "ನಾಲಿಗೆ ಹೇಗಿದೆಯೇ ಇವತ್ತು?" ನಾನು "ಸರಿಯಾಗಿದೆ" ಅನ್ನುತ್ತಿದ್ದೆ. ಹೊಟ್ಟೆ ಹೇಗಿದೆ ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಕೇಳಲಿಲ್ಲವೆಂದು ನೊಂದುಕೊಳ್ಳುವುದು ನ್ಯಾಯವೇ? ವಿಮೆ ಕಚೇರಿಯಲ್ಲಿ ನನಗೆ ಆಗಾಗ ತಲೆನೋವು ಬರುತ್ತಿತ್ತು, ಅಲ್ಲಿ ಯಾರೂ ಕೇಳುತ್ತಿರಲಿಲ್ಲ, ನನಗೆ ಬೇಸರವೂ ಆಗುತ್ತಿರಲಿಲ್ಲ. ನೀವು ಕೇಳಲಿಲ್ಲ ಎಂಬುದು ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿದೆ.

ಇಷ್ಟರಲ್ಲಿ ಆ ಬ್ಯಾಚು ಊರಲ್ಲಿ ಓಡಿತು. ಬಸ್ ನಿಲ್ದಾಣದ ಹತ್ತಿರ ಕರಿದ ಆಲೂಗಡ್ಡೆ ಮಾರುವವರು, "ಅಕ್ಕ, ಆ ಅಳಿಸೋ ಸಾಸ್ ಇದ್ರೆ ಅದನ್ನೇ ಕೊಡಿ, ಬೇರೆದನ್ನ ಗಿರಾಕಿಗಳು ಮುಟ್ಟುತ್ತಿಲ್ಲ" ಎಂದು ಹುಡುಕಿಕೊಂಡು ಬಂದರು. ಅಂಗಡಿಯವರು ಬಂದರು. ಆಮೇಲೆ ಕರಿದ ಕೋಳಿಯ ಅಂಗಡಿಗಳನ್ನು ಸಾಲಾಗಿ ತೆರೆಯುತ್ತಿರುವವರ ಕಡೆಯಿಂದ ಖರೀದಿಯವರು ಬಂದರು, ಆ ಉರಿಯಲ್ಲೂ ಟೈ ಸಡಿಲಿಸದವರು. ಅವರಿಗೂ ಅದೇ ಬೇಕು. ನೀವು ಅದಕ್ಕೆ "ಮಾತ್ರೆ ಬ್ಯಾಚು" ಎಂದು ಹೆಸರಿಟ್ಟಿರಿ. ಇಡೀ ಕಾರ್ಖಾನೆ ನಕ್ಕಿತು. ಅಣ್ಣ ಇದ್ದಾಗಲೂ ಬಾರದ ಗಿರಾಕಿ ಇವರು ಎಂದಿರಿ. ಮಳೆ ಬಂದರೆ ಬಾಟಲಿಗಳ ಮೇಲೆ ತೊಟ್ಟಿಕ್ಕುವ ಆ ಚಾವಣಿಯನ್ನು ಬದಲಿಸುವ ಮಾತು ಆಡಿದಿರಿ, ಎರಡನೆಯ ಹಂಡೆಯ ಮಾತು ಆಡಿದಿರಿ. ನಾನೂ ನಿಮ್ಮ ಜೊತೆ ಕನಸು ಕಂಡೆ, ಸುಳ್ಳು ಹೇಳುವುದಿಲ್ಲ.

ಆದರೆ ಅದು ಮತ್ತೆ ಕೈಗೆ ಸಿಗಲಿಲ್ಲ. ಕೋರ್ಸು ಮುಗಿದಿತ್ತು, ಮುಗಿದಿದೆ ಎಂದು ನಾನು ಅಂದುಕೊಂಡಿದ್ದೆ, ನನ್ನ ನಾಲಿಗೆ ತಿಳಿಯಾಗಿತ್ತು. ಎಷ್ಟೋ ಸಲ ಪ್ರಯತ್ನಿಸಿದೆವು. ತಿಳಿಯಾದ ನಾಲಿಗೆ ಬಹಳ ಬೇಗ ನಿಲ್ಲಿಸು ಅನ್ನುತ್ತಿತ್ತು. ಅದನ್ನು ಮೀರಿ ಹಾಕಿಸಿದರೆ ಬರೀ ಉರಿ ಬರುತ್ತಿತ್ತು, ಆ ಹುಳಿ, ಆ ಸಿಹಿ, ಗಂಟಲಲ್ಲಿ ಕೂತು ಏಳುವ ಆ ಬಿಂಕ ಬರುತ್ತಿರಲಿಲ್ಲ. ಹೀಗೆ ಸೋತ ಒಂದು ಮಧ್ಯಾಹ್ನ ನೀವು ಸೌಟನ್ನು ಹಂಡೆಯ ಅಂಚಿಗೆ ಒರಗಿಸಿ, ನನ್ನ ಕಡೆ ನೋಡಿ, "ಆ ಮಾತ್ರೆ ಇನ್ನೊಂದ್ಸಲ ತಗೊಳ್ಳೋಕೆ ಆಗಲ್ವೇನೇ?" ಎಂದಿರಿ. ತಮಾಷೆಗೆ ಹೇಳಿದ್ದು. ಹಂಡೆಯಣ್ಣ ನಕ್ಕರು, ನಾನೂ ನಕ್ಕೆ, ನೀವು ನಗಲಿಲ್ಲ. ನೀವು ನನ್ನ ಉತ್ತರಕ್ಕೆ ಕಾದಿರಿ. ಒಂದೇ ಗಳಿಗೆ. ಆಮೇಲೆ ಸೌಟು ಎತ್ತಿಕೊಂಡಿರಿ.

ನಾನು ಆ ಗಳಿಗೆಯನ್ನು ಹಿಂದೆ ಮುಂದೆ ಮಾಡಿ ಎಷ್ಟು ಸಲ ನೋಡಿದ್ದೇನೋ. ನಿಮ್ಮನ್ನು ದೂರುವುದಕ್ಕಲ್ಲ. ನನ್ನ ಬಾಯಿಗೆ ಹೂಂ ಎನ್ನುವ ಮಾತು ಬಂದು ನಿಂತಿತ್ತು ಎಂಬ ಕಾರಣಕ್ಕೆ.

ಕಳೆದ ತಿಂಗಳು ಮತ್ತೆ ಹೊಟ್ಟೆ ಹಿಡಿದುಕೊಂಡಿತು. ಊಟವಾದ ಮೇಲೆ ನೇರವಾಗಿ ನಿಲ್ಲಲು ಆಗುತ್ತಿರಲಿಲ್ಲ. ಲೇಬಲ್ ಅಂಟಿಸುವ ಮೇಜಿಗೆ ಆತು ನಿಂತಿರುತ್ತಿದ್ದೆ, ಬೆನ್ನು ನೋವು ಎಂದು ನಿಮಗೆ ಹೇಳುತ್ತಿದ್ದೆ. ಮೊನ್ನೆ ಡಾಕ್ಟರು ಚೀಲದೊಳಗೆ ಉಸಿರು ಊದಿಸಿ ಪರೀಕ್ಷೆ ಮಾಡಿಸಿದರು. ಬ್ಯಾಕ್ಟೀರಿಯಾ ಹಾಗೇ ಇದೆ, ಹುಣ್ಣು ಆಳವಾಗಿದೆ. ಮಾತ್ರೆ ಬಿಟ್ಟಿದ್ದಿರಾ ಎಂದು ಕೇಳಿದರು. ಕೆಲವು ಎಂದೆ. ವಿಮೆ ಕಚೇರಿಯಲ್ಲಿ "ಕೆಲವು" ಎಂದು ಬರೆದವರ ಅರ್ಜಿಗಳನ್ನು ನಾನೇ ವಾಪಸ್ ಕಳಿಸುತ್ತಿದ್ದೆ, ಅತ್ತಿಗೆ. ಡಾಕ್ಟರೂ ವಾಪಸ್ ಕಳಿಸಿದರು. "ಕೆಲವು ಅಂದ್ರೆ?" ಖಾರ ತಿನ್ನುವ ದಿನದವು, ನೀವೇ ಒಟ್ಟಿಗೆ ಬೇಡ ಎಂದಿದ್ದಿರಲ್ಲ ಎಂದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. "ನಾನು ಬಿಡಿ ಅಂದಿದ್ದು ಖಾರಾನ, ನೀವು ಬಿಟ್ಟಿದ್ದು ಮಾತ್ರೆನ. ಅರ್ಧಂಬರ್ಧ ಮಾತ್ರೆ ತಿಂದು ಅದಕ್ಕೆ ತಡ್ಕೊಳೋ ಶಕ್ತಿ ಬರೋ ಹಾಗೆ ಮಾಡಿದ್ರಿ. ಈ ಸಲ ಬೇರೆ ಮಾತ್ರೆ ಕೊಡ್ತೀನಿ. ಇದನ್ನೂ ಕೆಡಿಸ್ಕೊಂಡು ಬಂದ್ರೆ ನನ್ನ ಹತ್ರ ಕೊಡೋಕೆ ಜಾಸ್ತಿ ಏನೂ ಉಳಿದಿರಲ್ಲ. ಹುಣ್ಣು ಒಡೆದು ರಕ್ತ ಹೋದ್ರೆ ಆಮೇಲೆ ಆಸ್ಪತ್ರೆನೇ" ಎಂದರು. ಹೊಸ ಮಾತ್ರೆಗೂ ಬಾಯಿ ಕಹಿಯಾಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ ಎಂದರು. ಆಗ ನನಗೆ ಮೊದಲು ನೆನಪಾದದ್ದು ನೀವು. ಆಸ್ಪತ್ರೆಯಲ್ಲ, ರಕ್ತವಲ್ಲ. ಶುಕ್ರವಾರ ಖರೀದಿಯವರು ಮಾದರಿ ನೋಡಲು ಬರುತ್ತಾರೆ, ಅಷ್ಟರೊಳಗೆ ನನ್ನ ಬಾಯಿ ಕಹಿಯಾಗಿರುತ್ತದೆ ಎಂದು ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಯೋಚಿಸಿದೆ. ನಿಮಗಿಂತ ಮೊದಲು ನನಗೇ ಖುಷಿಯಾಯಿತು.

ಅದಕ್ಕೆ ಹೆದರಿದೆ.

ನನಗೆ ಸಾಕಾಗಿದೆ, ಅತ್ತಿಗೆ. ಈ ಮಾತನ್ನು ಹೇಗೆ ಬರೆದರೂ ನಿಮ್ಮ ಮೇಲಿನ ದೂರಿನ ಹಾಗೆ ಕೇಳಿಸುತ್ತದೆ. ಬೆಳಗ್ಗೆ ಹಲ್ಲುಜ್ಜುವಾಗಲೇ ನಾಲಿಗೆಯನ್ನು ಕನ್ನಡಿಯಲ್ಲಿ ನೋಡಿಕೊಂಡು ಸಾಕಾಗಿದೆ. ನೆಗಡಿಯಾದರೆ ಕಳ್ಳಿಯ ಹಾಗೆ ಮುಖ ಮರೆಸಿಕೊಂಡು ಸಾಕಾಗಿದೆ. ಯಾರ ಮನೆಯಲ್ಲಿ ಉಣ್ಣಲು ಕೂತರೂ ಉಪ್ಪು ಎಷ್ಟು, ಹುಳಿ ಎಷ್ಟು ಎಂದು ಬಾಯಿ ತಾನಾಗಿಯೇ ತೂಗುತ್ತದೆ, ಊಟ ಹೊಟ್ಟೆಗೆ ಹೋದದ್ದು ಗೊತ್ತಾಗುವುದಿಲ್ಲ. ಒಮ್ಮೆ ಸುಮ್ಮನೆ ಹಸಿದು, ಸುಮ್ಮನೆ ಉಂಡು, ಕೈ ತೊಳೆದುಕೊಂಡು ಏಳಬೇಕು ಅನ್ನಿಸುತ್ತದೆ. ಹುಣ್ಣು ಇಲ್ಲದಿದ್ದರೂ ಇದನ್ನು ಹೇಳುತ್ತಿದ್ದೆನೇ? ದಣಿವನ್ನು ಹೇಳಿಕೊಳ್ಳುವ ಧೈರ್ಯವಿಲ್ಲದೆ ಹುಣ್ಣನ್ನು ಮುಂದೆ ಮಾಡಿಕೊಂಡಿದ್ದೇನೆಯೇ? ಇರಬಹುದು. ಎರಡೂ ನನ್ನವೇ, ಎರಡನ್ನೂ ನಿಮ್ಮ ಮುಂದಿಡುತ್ತೇನೆ.

ಇಷ್ಟು ದಿನ ಬಾಯಿಬಿಡದಿರಲು ಇನ್ನೊಂದು ಭಯವೂ ಇತ್ತು. ಚಮಚ ಕೆಳಗಿಟ್ಟರೆ ನಾನು ನಿಮಗೆ ಯಾರು? ತೀರಿಹೋದ ಗಂಡನ ತಂಗಿ. ಹಾಗೆ ಬರೆದು ನೋಡಿದರೆ ಎಷ್ಟು ದೂರದ ನಂಟು. ಹಬೆಯ ಆಚೆ ಈಚೆ ನಿಂತು ಕಳೆದ ವರ್ಷಗಳು ಆ ನಂಟನ್ನು ಹತ್ತಿರ ಮಾಡಿವೆಯೋ, ನನ್ನ ನಾಲಿಗೆ ಮಾಡಿತ್ತೋ, ನನಗೆ ತಿಳಿದಿಲ್ಲ. ತಿಳಿಯದೇ ಇರುವುದೇ ಸುಖ ಎಂದು ಇಷ್ಟು ಕಾಲ ಬಾಯಿ ತೆರೆದುಕೊಂಡೇ ಇದ್ದೆ. ಈಗ ತಿಳಿದುಕೊಳ್ಳಬೇಕಾಗಿದೆ.

ಆದ್ದರಿಂದ ಕೇಳಿ. ಈ ಎರಡು ವಾರ ನಾನು ಒಂದು ಬೊಟ್ಟು ಸಾಸನ್ನೂ ಮುಟ್ಟುವುದಿಲ್ಲ. ಉಗಿದುಬಿಡು, ನುಂಗಬೇಡ ಎನ್ನುತ್ತೀರಿ, ಗೊತ್ತು. ಉಗಿಯಲು ನನಗೆ ಬರುವುದಿಲ್ಲ. ಗಂಟಲಿಗಿಳಿಯದೆ ನಮ್ಮ ಖಾರ ಮಾತಾಡುವುದಿಲ್ಲವೆಂದು ಕಲಿಸಿದವರು ನೀವೇ. ಎರಡು ವಾರ ಕಳೆದ ಮೇಲೂ ನಾನು ರುಚಿ ನೋಡುವವಳಾಗಿ ಬರುವುದಿಲ್ಲ. ಬೇರೆಯವರನ್ನು ಹುಡುಕೋಣ. ನೀವು ನನಗೆ ಕೊಟ್ಟ ಪದಗಳನ್ನೆಲ್ಲ ಅವರಿಗೆ ನಾನೇ ಒಂದೊಂದಾಗಿ ಕೊಡುತ್ತೇನೆ, ಒಗರಿನಿಂದ ಶುರುಮಾಡಿ. ಬಾಟಲಿ, ಲೇಬಲ್ಲು, ಅಂಗಡಿಗಳ ಓಡಾಟ, ಇವೆಲ್ಲ ಮೊದಲಿನಂತೆ ನನ್ನದೇ, ನೀವು ಬೇಡ ಎನ್ನದಿದ್ದರೆ.

ಶುಕ್ರವಾರ ನಾನು ಬರುತ್ತೇನೆ. ಖರೀದಿಯವರ ಎದುರು ನಿಮ್ಮನ್ನು ಒಬ್ಬರನ್ನೇ ಬಿಡುವುದಿಲ್ಲ. ಆ ರುಚಿ ಒಂದು ತಪ್ಪಿನಿಂದ ಹುಟ್ಟಿದ್ದು, ಮತ್ತೆ ಮಾಡಲು ಬರುವುದಿಲ್ಲ, ನಮ್ಮ ಮಾಮೂಲಿ ಸಾಸ್ ಇದೆ, ಬೇಕಾದರೆ ಅದನ್ನು ಕೊಡುತ್ತೇವೆ ಎಂದು ನಾನೇ ಹೇಳುತ್ತೇನೆ. ಅವರು ಎದ್ದು ಹೋಗಬಹುದು. ಹೋದರೆ ಚಾವಣಿ ಹೀಗೇ ಉಳಿಯುತ್ತದೆ, ಎರಡನೆಯ ಹಂಡೆ ಬರುವುದಿಲ್ಲ. ನಿಮ್ಮಿಂದ ಎಷ್ಟು ದೊಡ್ಡದನ್ನು ಕೇಳುತ್ತಿದ್ದೇನೆ ಎಂದು ತಿಳಿಯದೆ ಕೇಳುತ್ತಿಲ್ಲ. ಕೋಪ ಬಂದರೆ ಬೈಯಿರಿ, ಹಂಡೆಯಣ್ಣನ ಎದುರಿಗೇ ಬೈಯಿರಿ. ತಮಾಷೆ ಮಾತ್ರ ಮಾಡಬೇಡಿ, ಸ್ವಲ್ಪ ದಿನ. ನೀವು ನಗಿಸಿದರೆ ನಾನು ಬಾಯಿ ತೆರೆದುಬಿಡುತ್ತೇನೆ.

ಹಿರಿಯರಿಗೆ ಕಿರಿಯಳು ಹರಸಬಾರದು ಎನ್ನುತ್ತಾರೆ. ಆದರೂ ಬೇರೆ ಮಾತು ಸಿಗುತ್ತಿಲ್ಲ. ನಿಮ್ಮ ಕೈ ಉರಿಯದಿರಲಿ, ಆ ಮಂಡಿ ನೋವು ಇಳಿಯಲಿ, ನಿಮ್ಮ ಹೊಟ್ಟೆ ತಣ್ಣಗಿರಲಿ.

ನಿಮ್ಮವಳೇ ಆದ,
ಇಂಗ್ಲಿಷಮ್ಮ

ಇದನ್ನು ಇವತ್ತೇ ಹಾಕಿದರೆ ನಾಳೆ ಹಿಂದಕ್ಕೆ ತರಲು ಏನಾದರೂ ದಾರಿ ಹುಡುಕುತ್ತೇನೆ, ನನ್ನನ್ನು ನಾನು ಬಲ್ಲೆ. ಸೋಮವಾರ ಬೆಳಗ್ಗೆ ಮೊದಲ ಮಾತ್ರೆ ನುಂಗಿ, ನೀರು ಕುಡಿದು, ಬಾಯಿ ಕಹಿಯಾಗುವ ಮುಂಚೆ ಮೆಟ್ಟಿಲಿಳಿದು ಮೂಲೆಯ ಅಂಚೆ ಡಬ್ಬಿಯವರೆಗೆ ನಡೆಯುತ್ತೇನೆ. ನುಂಗಿದ್ದನ್ನೂ ಡಬ್ಬಿಗೆ ಹಾಕಿದ್ದನ್ನೂ ಮತ್ತೆ ಹೊರಗೆ ತೆಗೆಯಲಾಗದು. ಅಲ್ಲಿಂದ ನೇರ ಶಟರಿಗೆ ಬರುತ್ತೇನೆ. ಅವತ್ತು ನೀವು ಎಂದಿನಂತೆ ನಾಲಿಗೆಯ ವಿಚಾರ ಕೇಳುತ್ತೀರಿ, ಪತ್ರ ಇನ್ನೂ ನಿಮ್ಮ ಕೈ ಸೇರಿರುವುದಿಲ್ಲ. ಈ ಸಲ ಸರಿಯಾಗಿದೆ ಎನ್ನದೆ ನನ್ನ ತುದಿಯನ್ನು ಎತ್ತುತ್ತೇನೆ.

ಅಂಚೆಗೆ ಹಾಕುವುದು: ನವೆಂಬರ್ ಹದಿನೇಳು, ಸೋಮವಾರ.